ಚೀಲ ಬಿಚ್ಚಲಿಲ್ಲ, ಗಾಯದ ಲೆಕ್ಕ ಯಾರು ಕೊಡಬೇಕು?

(ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಸೇರಿದ್ದ ಕನ್ನಡ ಹೋಟೆಲು ಕಾರ್ಮಿಕರ ಮತ್ತು ಗಾಡಿ ಚಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತು ಪಗಾರದ್ದಲ್ಲ, ಬೋನಸ್ಸಿನದಲ್ಲ, ವಾರದ ರಜೆಯದೂ ಅಲ್ಲ. ಮೋಟಾರು ಗಾಡಿಯಲ್ಲಿರುವ ಏರ್‌ಬ್ಯಾಗ್ ಎಂಬ ಚೀಲದ ಮಾತು. ವಿಷಯವನ್ನು ಕೇಳಿದ ಕೂಡಲೆ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕದ್ದು ನನಗೆ ಕೇಳಿಸಿತು. ಕಾರು ಇರುವವರ ಚಿಂತೆ ನಮಗೇಕೆ ಎಂದು ಅವರ ಮನಸ್ಸಿನಲ್ಲಿ ಬಂದಿರಬೇಕು. ಬರುವುದು ಸಹಜ. ಆದರೆ ಈ ಸಭೆಯಲ್ಲಿ ಕೂತವರನ್ನೇ ಒಮ್ಮೆ ನೋಡಿರಿ. ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯಿಂದ ಹುಡುಗರಾಗಿ ಬಂದು ಮೇಜು ಒರೆಸಿದವರು, ಹದಿನೈದು ವರ್ಷ ದುಡಿದು ಸಾಲದ ಮೇಲೆ ಒಂದು ಗಾಡಿ ಕೊಂಡು ಈಗ ಟ್ಯಾಕ್ಸಿ ಓಡಿಸುತ್ತಿದ್ದಾರೆ. ಬೆಳಗಿನ ನಾಲ್ಕಕ್ಕೆ ಮಾಲಿಕರ ವ್ಯಾನು ಹಿಡಿದು ಇದೇ ಯಾರ್ಡಿಗೆ ಈರುಳ್ಳಿ, ಟೊಮೇಟೊ, ತೆಂಗಿನಕಾಯಿ ತರಲು ಬರುವವರು ನಮ್ಮವರೇ. ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದು ಇಲ್ಲಿ ಮೂಟೆ ಹೊರುವವರ ಮಕ್ಕಳು ಇಂದು ಸ್ಟೀರಿಂಗ್ ಹಿಡಿದಿದ್ದಾರೆ. ದೀಪಾವಳಿಗೆ ಊರಿಗೆ ಹೋಗುವಾಗ ಒಂದು ಗಾಡಿಯಲ್ಲಿ ಏಳೆಂಟು ಮಂದಿ ತುಂಬಿಕೊಂಡು ರಾತ್ರಿ ಹೊರಟು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾಗುವುದರೊಳಗೆ ಬೆಳಗಾವಿ ಸೇರುವವರು ಯಾರು? ನಾವೇ. ಆದ್ದರಿಂದ ಈ ಚೀಲ ನಮ್ಮ ಎದೆಯ ಎದುರಿಗೂ ಇದೆ.

ಮೊದಲು ಆ ವಸ್ತುವನ್ನು ಅರಿತುಕೊಳ್ಳೋಣ. ಸ್ಟೀರಿಂಗಿನ ನಡುವೆ, ಹಾರ್ನು ಒತ್ತುವ ಮುಚ್ಚಳದ ಹಿಂದೆ, ಬಟ್ಟೆಯ ಒಂದು ಚೀಲವನ್ನು ಮಡಿಸಿ ಇಟ್ಟಿರುತ್ತಾರೆ. ಅದರ ಬೆನ್ನಿಗೆ ಲೋಹದ ಒಂದು ಸಣ್ಣ ಡಬ್ಬಿ. ಡಬ್ಬಿಯೊಳಗೆ ಉರಿದು ಅನಿಲವಾಗುವ ರಾಸಾಯನಿಕದ ಬಿಲ್ಲೆಗಳು. ಗಾಡಿಯ ಮೂತಿಯ ಕಡೆ ಏಟನ್ನು ಅಳೆಯುವ ಉಪಕರಣವೊಂದು ಇರುತ್ತದೆ. ಏಟು ಜೋರಾಗಿದ್ದರೆ ಅದು ಸುದ್ದಿ ಕಳಿಸುತ್ತದೆ, ಬಿಲ್ಲೆ ಹೊತ್ತಿಕೊಳ್ಳುತ್ತದೆ, ಕಣ್ಣು ಮಿಟುಕಿಸುವುದಕ್ಕೂ ಮುಂಚೆ ಚೀಲ ಉಬ್ಬಿ ಚಾಲಕನ ಮುಖಕ್ಕೂ ಸ್ಟೀರಿಂಗಿಗೂ ನಡುವೆ ನಿಲ್ಲುತ್ತದೆ. ಆಮೇಲೆ ತಾನಾಗಿಯೇ ಕುಗ್ಗುತ್ತದೆ. ಕೆಲಸ ಇಷ್ಟೇ. ಆದರೆ ಆ ಒಂದು ಗಳಿಗೆಯಲ್ಲಿ ಆಗಬೇಕಾದ್ದು ಆಗದಿದ್ದರೆ ಮತ್ತೆ ಮಾಡಲು ಅವಕಾಶವಿಲ್ಲ.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಪ್ರಯಾಣಿಕರ ಕಾರುಗಳಲ್ಲಿ ಚಾಲಕನ ಎದುರಿಗೆ ಈ ಚೀಲ ಇರಲೇಬೇಕೆಂದು ನಿಯಮವಾಯಿತು. ಪಕ್ಕದ ಸೀಟಿಗೂ ಬೇಕೆಂಬುದು ಹೊಸ ಮಾದರಿಗಳಿಗೆ 2021ರ ಏಪ್ರಿಲಿನಿಂದ, ಹಳೆಯ ಮಾದರಿಗಳಿಗೆ 2022ರ ಜನವರಿಯಿಂದ ಜಾರಿಗೆ ಬಂತು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ನಿಯಮ ಕಾರುಗಳಿಗೆ ಮಾಡಿದ್ದು, ಸರಕು ಸಾಗಿಸುವ ಟೆಂಪೊಗಳಿಗಲ್ಲ. ಕಾರಿನಲ್ಲಿ ಕೂತು ಬಂದು ತರಕಾರಿ ಕೊಳ್ಳುವವನ ಎದೆಯನ್ನು ಕಾಯಿದೆ ನೆನೆದಿದೆ. ಆ ತರಕಾರಿಯನ್ನು ನೂರಾರು ಮೈಲಿ ಹೊತ್ತು ತಂದು ಯಾರ್ಡಿನ ಬಾಗಿಲಲ್ಲಿ ನಿಲ್ಲಿಸುವವನ ಮೊಣಕಾಲಿಗೆ ಇವತ್ತಿಗೂ ಬರೀ ತಗಡು ಎದುರಾಗಿದೆ. ಈ ವಿಚಾರವನ್ನು ಬೇರೊಂದು ಸಭೆಯಲ್ಲಿ ಎತ್ತಿಕೊಳ್ಳಬೇಕು.

ಈಗ ಒಬ್ಬ ಗೆಳೆಯನ ವಿಚಾರ ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಗಾಡಿಯ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ನಾನೂ ಅವನೂ ಒಂದೇ ಹೋಟೆಲಿನಲ್ಲಿ ಒಂದೇ ದೋಸೆಕಲ್ಲಿನ ಮುಂದೆ ನಿಂತವರು. ಅವನು ಕೆಲಸ ಬಿಟ್ಟು ಗಾಡಿ ಕೊಂಡ. ಒಂದು ರಾತ್ರಿ ಘಾಟಿಯಲ್ಲಿ, ಹಿಂದಿನ ದೀಪವಿಲ್ಲದೆ ಕೆಟ್ಟು ನಿಂತಿದ್ದ ಲಾರಿಗೆ ಗಾಡಿಯ ಮೂತಿ ನೇರವಾಗಿ ಹೊಡೆಯಿತು. ಅವನು ಬೆಲ್ಟು ಕಟ್ಟಿಕೊಂಡಿದ್ದ. ಬಾನೆಟ್ಟು ಮಡಿಚಿ ಕನ್ನಡಿಯವರೆಗೂ ಬಂತು, ಚೀಲ ಮಾತ್ರ ಹೊರಗೆ ಬರಲಿಲ್ಲ. ದವಡೆ ಮುರಿಯಿತು, ನಾಲ್ಕು ಹಲ್ಲು ಹೋಯಿತು. ಅವನು ಆಸ್ಪತ್ರೆಯಲ್ಲಿ ಬಾಯಿಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದಾಗಲೇ ವಿಮೆಯವರು ಗಾಡಿಯನ್ನು ನೋಡಿ, ಪೂರ್ತಿ ನಷ್ಟ ಎಂದು ಬರೆದು, ತಮ್ಮನ ರುಜು ತೆಗೆದುಕೊಂಡು ಸಾಗಿಸಿದರು. ವಿಮೆಯ ಹಣ ಬಂತು, ಬಂದದ್ದು ಸಾಲಕೊಟ್ಟ ಬ್ಯಾಂಕಿಗೆ ಹೋಯಿತು. ಮೂರು ತಿಂಗಳ ಮೇಲೆ ಮಾತಾಡಲು ಬಾಯಿ ಬಂದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಆ ಚೀಲ ಯಾಕೆ ಬಿಚ್ಚಲಿಲ್ಲ?" ಎಂದು. ಉತ್ತರ ಹೇಳಬೇಕಾದ ಗಾಡಿ ಅಷ್ಟರಲ್ಲಿ ಗುಜರಿಯವನ ಅಂಗಳದಲ್ಲಿ ತುಂಡಾಗಿ ಹೋಗಿತ್ತು. ಅವನಿಗೆ ಇಂದಿಗೂ ಭಾಕ್ರಿ ಅಗಿಯಲು ಆಗುವುದಿಲ್ಲ, ಸಾರಿನಲ್ಲಿ ನೆನೆಸಿ ತಿನ್ನುತ್ತಾನೆ.

ಆ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿದೆ ಎಂಬುದನ್ನು ತಿಳಿಸಲಿಕ್ಕಾಗಿಯೇ ನಾನು ಇಂದು ನಿಂತಿದ್ದೇನೆ. ಗಾಡಿಯ ಲೆಕ್ಕ ಬೇರೆ, ದೇಹದ ಲೆಕ್ಕ ಬೇರೆ. ವಿಮೆಯವನು ಗಾಡಿಯ ಲೆಕ್ಕ ತೀರಿಸಿದನೆಂದರೆ ದೇಹದ ಲೆಕ್ಕ ತೀರಿತೆಂದಲ್ಲ. ಅಪಘಾತ ಯಾರ ತಪ್ಪಿನಿಂದ ಆಯಿತೆಂಬುದೂ ಬೇರೆ ಪ್ರಶ್ನೆ. ಲಾರಿಯವನ ತಪ್ಪೇ ಇರಲಿ, ಕತ್ತಲೆಯ ತಪ್ಪೇ ಇರಲಿ, ಅಪಘಾತವಾದಾಗ ಕಾಪಾಡುತ್ತದೆಂದು ಹೇಳಿ ಹಣ ತೆಗೆದುಕೊಂಡು ಮಾರಿದ ವಸ್ತು ಕಾಪಾಡದೆ ಹೋದರೆ, ಅದರಿಂದ ಹೆಚ್ಚಾದ ಗಾಯಕ್ಕೆ ಅದನ್ನು ತಯಾರಿಸಿದವನು ಉತ್ತರ ಹೇಳಬೇಕು.

ಇದನ್ನು ನಾನು ಹೇಳಿದರೆ ಭಾಷಣಕಾರನ ಮಾತು ಎನ್ನುತ್ತೀರಿ. ದೇಶದ ಸುಪ್ರೀಂ ಕೋರ್ಟು ಹೇಳಿದ್ದನ್ನು ಕೇಳಿರಿ. ದಿಲ್ಲಿಯ ಗೃಹಸ್ಥರೊಬ್ಬರು 2015ರ ಆಗಸ್ಟಿನಲ್ಲಿ ಹ್ಯುಂಡೈ ಕಂಪನಿಯ ಕ್ರೆಟಾ ಕಾರನ್ನು ಕೊಂಡರು. 2017ರ ನವೆಂಬರ್ 16ರಂದು ದಿಲ್ಲಿ-ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾಯಿತು. ಮುಂದಿನ ಚೀಲಗಳು ಬಿಚ್ಚಲಿಲ್ಲ. ತಲೆಗೆ, ಎದೆಗೆ, ಹಲ್ಲಿಗೆ ಪೆಟ್ಟಾಯಿತು. ಅವರು ದಿಲ್ಲಿಯ ರಾಜ್ಯ ಗ್ರಾಹಕ ಆಯೋಗಕ್ಕೆ ಹೋದರು. ಚಿಕಿತ್ಸೆಗೂ ಹೋದ ಸಂಪಾದನೆಗೂ ಸೇರಿ 2 ಲಕ್ಷ, ಮನಸ್ಸಿನ ನೋವಿಗೆ 50 ಸಾವಿರ, ಮೊಕದ್ದಮೆಯ ಖರ್ಚಿಗೆ 50 ಸಾವಿರ ರೂಪಾಯಿ, ಮೇಲೆ ಗಾಡಿಯನ್ನೂ ಬದಲಿಸಿಕೊಡಬೇಕೆಂದು ಆಜ್ಞೆಯಾಯಿತು. ಕಂಪನಿ ರಾಷ್ಟ್ರೀಯ ಆಯೋಗಕ್ಕೆ ಹೋಯಿತು, ಅಲ್ಲಿ ಸೋತಿತು. ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲ್ 20ರಂದು ನ್ಯಾಯಮೂರ್ತಿ ವಿನೀತ್ ಸರನ್ ಮತ್ತು ನ್ಯಾಯಮೂರ್ತಿ ಅನಿರುದ್ಧ ಬೋಸ್ ಅವರ ಪೀಠ ಅಲ್ಲಿಯೂ ಕಂಪನಿಯ ವಿರುದ್ಧವೇ ತೀರ್ಪು ಕೊಟ್ಟಿತು.

ಆ ಮೊಕದ್ದಮೆಯಲ್ಲಿ ಕಂಪನಿ ಹೂಡಿದ ವಾದಗಳನ್ನು ಸ್ವಲ್ಪ ಗಮನಿಸಬೇಕು. ಏಕೆಂದರೆ ನಾಳೆ ನಮ್ಮವನು ಹೋದರೂ ಇದೇ ವಾದಗಳು ಎದುರಾಗುತ್ತವೆ. ಮುಂಭಾಗದಿಂದ ಬಿದ್ದ ಏಟಿನ ಬಲ ಸಾಕಷ್ಟಿರಲಿಲ್ಲ, ಆದ್ದರಿಂದ ಚೀಲ ಬಿಚ್ಚಲಿಲ್ಲ ಎಂಬುದು ಮೊದಲನೆಯ ವಾದ. ಕೋರ್ಟು ಇದನ್ನು ಒಪ್ಪಲಿಲ್ಲ. ಗಾಡಿ ಕೊಳ್ಳುವವನು ಭೌತಶಾಸ್ತ್ರದ ಪಂಡಿತನಾಗಿ ವೇಗ, ಬಲಗಳ ಲೆಕ್ಕ ಹಾಕಿಕೊಂಡು ಕೊಳ್ಳಬೇಕೆಂದು ಯಾರೂ ನಿರೀಕ್ಷಿಸುವಂತಿಲ್ಲ, ಮುಂಭಾಗದಿಂದ ಏಟು ಬಿದ್ದರೆ ಚೀಲ ಬಿಚ್ಚುತ್ತದೆಂದು ಅವನು ನಂಬುವುದು ಸಹಜ ಎಂದು ಹೇಳಿತು. ಗಾಡಿಯ ಮೂತಿ ಎಷ್ಟು ನುಗ್ಗಾಗಿತ್ತು ಎಂಬುದು ಫೋಟೋಗಳಲ್ಲಿಯೇ ಕಾಣುತ್ತಿತ್ತು. ಕೊಂಡು ಎರಡು ವರ್ಷ ಕಳೆದಿದೆ, ದೂರಿನ ಅವಧಿ ಮುಗಿದಿದೆ ಎಂಬುದು ಮತ್ತೊಂದು ವಾದ. ಚೀಲದ ದೋಷ ಅಪಘಾತವಾಗುವವರೆಗೆ ಯಾರ ಕಣ್ಣಿಗೂ ಬೀಳುವ ವಸ್ತುವಲ್ಲ, ಆದ್ದರಿಂದ ಅವಧಿ ದೋಷ ಹೊರಗೆ ಕಂಡ ದಿನದಿಂದಲೇ ಎಣಿಕೆ ಎಂದು ಕೋರ್ಟು ಹೇಳಿತು. ಇಂಥ ಸುರಕ್ಷತೆಯ ಸಾಧನ ಕೈಕೊಟ್ಟರೆ ಇನ್ನೊಮ್ಮೆ ಹಾಗೆ ಮಾಡದಂತೆ ಅಂಜಿಕೆ ಹುಟ್ಟಿಸುವ ದಂಡಪರಿಹಾರವನ್ನೂ ವಿಧಿಸಬೇಕೆಂದೂ, ಕಂಪನಿಯ ಗಾತ್ರವನ್ನು ನೋಡಿ ಅದನ್ನು ನಿರ್ಧರಿಸಬಹುದೆಂದೂ ತೀರ್ಪಿನಲ್ಲಿದೆ. ಗುಮಾಸ್ತೆಯ ಮೇಲೆ ಹತ್ತು ರೂಪಾಯಿ ದಂಡ ಹಾಕಿದರೆ ಅವನಿಗೆ ನೋವು, ಕಂಪನಿಗೆ ಹತ್ತು ರೂಪಾಯಿ ದಂಡ ಹಾಕಿದರೆ ಅದಕ್ಕೆ ನಗು. ಇಷ್ಟು ನಮಗೂ ಗೊತ್ತಿದ್ದ ಸಂಗತಿಯೇ. ಆದರೆ ದೊಡ್ಡ ಕೋರ್ಟಿನ ಕಾಗದದಲ್ಲಿ ಬಂದಾಗ ಅದಕ್ಕೆ ತೂಕ ಬರುತ್ತದೆ.

ಆ ಮೊಕದ್ದಮೆ 1986ರ ಹಳೆಯ ಗ್ರಾಹಕ ಕಾಯಿದೆಯ ಕೆಳಗೆ ನಡೆದದ್ದು. ಈಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಅದು 2020ರ ಜುಲೈಯಲ್ಲಿ ಜಾರಿಗೆ ಬಂತು. ಹಳೆಯದರಲ್ಲಿ ಇಲ್ಲದ ಒಂದು ಅಧ್ಯಾಯವೇ ಇದರಲ್ಲಿದೆ. ದೋಷವುಳ್ಳ ವಸ್ತುವಿನಿಂದ ಸಾವು, ಗಾಯ, ರೋಗ, ಅದರ ಜೊತೆಗೆ ಬರುವ ಮನಸ್ಸಿನ ಸಂಕಟ, ಇವುಗಳಿಗೆ ತಯಾರಿಸಿದವನ ಮೇಲೂ ಮಾರಿದವನ ಮೇಲೂ ರಿಪೇರಿ ಮಾಡಿದವನ ಮೇಲೂ ಪರಿಹಾರ ಕೇಳಬಹುದು. ತಯಾರಿಕೆಯಲ್ಲಿ ದೋಷ, ನಕ್ಷೆಯಲ್ಲಿಯೇ ದೋಷ, ಹೇಳಿದ ಮಟ್ಟಕ್ಕೆ ಇಲ್ಲದಿರುವುದು, ಅಪಾಯದ ಎಚ್ಚರಿಕೆಯನ್ನು ಸರಿಯಾಗಿ ಹೇಳದಿರುವುದು, ಎಲ್ಲವೂ ಅದರಲ್ಲಿ ಸೇರುತ್ತವೆ. ಚೀಲ ಒಂದೇ ಅಲ್ಲ, ಬ್ರೇಕು, ಸ್ಟೀರಿಂಗು, ಟಯರು ಯಾವುದೇ ಆಗಲಿ. ಟೆಂಪೊ ಓಡಿಸುವವರು ಇದನ್ನು ಗಂಟು ಹಾಕಿಟ್ಟುಕೊಳ್ಳಬೇಕು.

ಇದಕ್ಕೆ ಎಲ್ಲಿಗೆ ಹೋಗಬೇಕು? ಊರುಬಿಟ್ಟು ಬಂದ ನಮಗೆ ಇಲ್ಲಿ ಒಂದು ದೊಡ್ಡ ಅನುಕೂಲವಾಗಿದೆ. ಗಾಡಿಯನ್ನು ಉಡುಪಿಯಲ್ಲಿ ಕೊಂಡಿರಲಿ, ಹುಬ್ಬಳ್ಳಿಯಲ್ಲಿ ಕೊಂಡಿರಲಿ, ಕಂಪನಿಯ ಕಚೇರಿ ಚೆನ್ನೈಯಲ್ಲಿರಲಿ, ದೂರು ಕೊಡುವವನು ವಾಸಿಸುವ ಅಥವಾ ಹೊಟ್ಟೆಪಾಡಿಗೆ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅಂದರೆ ನಮಗೆ ಪುಣೆ ಜಿಲ್ಲಾ ಗ್ರಾಹಕ ಆಯೋಗ. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲಿಯೇ ವಿಚಾರಣೆ. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನ ಗಾಡಿ ಇರುವವರು ಯಾರಾದರೂ ಇದ್ದರೆ ಸಭೆಯ ಚಹದ ಖರ್ಚನ್ನು ಅವರೇ ಕೊಡಲಿ. ಶುಲ್ಕವೂ ಅಂಜುವಷ್ಟಲ್ಲ. ಬೆಲೆ 5 ಲಕ್ಷದವರೆಗಿದ್ದರೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಹಿಡಿಯಲೇಬೇಕೆಂಬ ಕಡ್ಡಾಯವಿಲ್ಲ. ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕಾರ್ಮಿಕರು, ಕಡಿಮೆ ವರಮಾನದವರು ಇವರೆಲ್ಲರಿಗೂ 1987ರ ಕಾಯಿದೆಯಲ್ಲಿ ಆ ಹಕ್ಕಿದೆ. ಅವಧಿ ಮಾತ್ರ ಎರಡು ವರ್ಷ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಿಕೊಳ್ಳಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬಾರದು. ಗಾಯಾಳು ಬದುಕಿ ಉಳಿಯದಿದ್ದರೆ ಅವನ ವಾರಸುದಾರರು ದೂರು ಕೊಡಬಹುದು. ಮೊದಲು ವಿಚಾರಿಸಿ ತಿಳಿಯಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಟ್ಯಾಕ್ಸಿ ಓಡಿಸುವವರಿಗೆ ಒಂದು ಸಂಶಯ ಬರುತ್ತದೆ. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲ ಎಂದು ಕಾಯಿದೆಯಲ್ಲಿ ಒಂದು ಸಾಲು ಇದೆ, ಕಂಪನಿಯ ವಕೀಲರು ಅದನ್ನು ಎತ್ತಿ ಆಡುತ್ತಾರೆ. ಆದರೆ ಅದೇ ಸಾಲಿನ ಕೆಳಗೆ ವಿವರಣೆಯೂ ಇದೆ. ತಾನೇ ದುಡಿದು ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ಬಳಸಿದರೆ ಅದು ವ್ಯಾಪಾರವೆಂದು ಎಣಿಕೆಯಾಗುವುದಿಲ್ಲ. ಒಂದು ಗಾಡಿ ಕೊಂಡು ತಾನೇ ಓಡಿಸುವವನು ಗ್ರಾಹಕನೇ. ಹತ್ತು ಗಾಡಿ ಕೊಂಡು ಹತ್ತು ಮಂದಿಯನ್ನು ಇಟ್ಟು ಓಡಿಸುವವನ ಮಾತು ಬೇರೆ. ದೂರಿನಲ್ಲಿ "ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡದ್ದು" ಎಂದು ಸ್ಪಷ್ಟವಾಗಿ ಬರೆಯಬೇಕು. ಆ ಒಂದು ವಾಕ್ಯವಿಲ್ಲದೆ ದೂರು ಬಿದ್ದುಹೋಗಬಹುದು.

ಇನ್ನು ಮಾಲಿಕರ ಗಾಡಿ ಓಡಿಸುವ ನಮ್ಮ ಹುಡುಗರ ಸಂಗತಿ. ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ ಎಂದು ಕಾಯಿದೆ ಹೇಳುತ್ತದೆ. ಆದರೆ ಹೋಟೆಲಿನ ವ್ಯಾಪಾರಕ್ಕೆ ಕೊಂಡ ಗಾಡಿಯಾದರೆ ಆ ದಾರಿ ಬಿಗಿಯಾಗುತ್ತದೆ. ಅಂಥವನು ಮೊದಲು ಹಿಡಿಯಬೇಕಾದದ್ದು ಕೆಲಸದ ವೇಳೆಯಲ್ಲಾದ ಗಾಯದ ಪರಿಹಾರವನ್ನು. ಅದಕ್ಕೆ 1923ರಿಂದಲೂ ಕಾಯಿದೆಯಿತ್ತು. 2025ರ ನವೆಂಬರ್ 21ರಿಂದ ಆ ವಿಷಯ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಅಲ್ಲಿ ಮಾಲಿಕನ ತಪ್ಪನ್ನು ತೋರಿಸಬೇಕಾಗಿಲ್ಲ, ಕೆಲಸದಿಂದ, ಕೆಲಸದ ವೇಳೆಯಲ್ಲಿ ಗಾಯವಾಯಿತೆಂದು ತೋರಿಸಿದರೆ ಸಾಕು. ಇ.ಎಸ್.ಐ. ಚೀಟಿಯಿದ್ದವರಿಗೆ ಪರಿಹಾರ ಇ.ಎಸ್.ಐ.ಯಿಂದ ಬರುತ್ತದೆ. ಬೇರೆ ಗಾಡಿಯವನ ತಪ್ಪಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿ ಇದ್ದೇ ಇದೆ. ಅಲ್ಲಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲಿನಿಂದ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಆರು ತಿಂಗಳೊಳಗೇ ಹಾಕುವುದು ಜಾಣತನ. ಗಾಡಿಯ ಒಡೆಯನೇ ಚಾಲಕನಾಗಿದ್ದರೆ ಅವನ ಸಾವಿಗೂ ಶಾಶ್ವತ ಅಂಗವಿಕಲತೆಗೂ 15 ಲಕ್ಷದ ಕಡ್ಡಾಯ ವಿಮೆ ಸಾಮಾನ್ಯವಾಗಿ ಪಾಲಿಸಿಯಲ್ಲಿಯೇ ಇರುತ್ತದೆ. ಎಷ್ಟೋ ಮಂದಿಗೆ ತಾವು ಅದರ ಕಂತು ಕಟ್ಟುತ್ತಿರುವ ಸಂಗತಿಯೇ ತಿಳಿದಿರುವುದಿಲ್ಲ.

ಇಲ್ಲಿಯವರೆಗೆ ಬಿಚ್ಚದ ಚೀಲದ ಮಾತಾಯಿತು. ಬಿಚ್ಚಿ ಕೊಂದ ಚೀಲದ ಕಥೆ ಇನ್ನೂ ಕೆಟ್ಟದ್ದು, ಮತ್ತು ಕರಾವಳಿಯವರು ಕಿವಿಗೊಟ್ಟು ಕೇಳಬೇಕಾದದ್ದು. ಜಪಾನಿನಲ್ಲಿ ತಕಾತಾ ಎಂಬ ಕಂಪನಿಯಿತ್ತು. ಲೋಕದ ಹಲವು ದೊಡ್ಡ ಕಾರು ಕಂಪನಿಗಳಿಗೆ ಅದು ಚೀಲಗಳನ್ನು ಒದಗಿಸುತ್ತಿತ್ತು. ಡಬ್ಬಿಯೊಳಗಿನ ಬಿಲ್ಲೆಗೆ ಅಮೋನಿಯಂ ನೈಟ್ರೇಟ್ ಎಂಬ ಅಗ್ಗದ ರಾಸಾಯನಿಕವನ್ನು ಬಳಸಿತು. ಗೊಬ್ಬರದಲ್ಲಿಯೂ ಬಂಡೆ ಸಿಡಿಸುವುದರಲ್ಲಿಯೂ ಬಳಸುವ ವಸ್ತುವೇ ಅದು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಾಗಿದರೆ ಆ ಬಿಲ್ಲೆ ಹದಗೆಡುತ್ತದೆ. ಆಮೇಲೆ ಹೊತ್ತಿಕೊಂಡಾಗ ಉರಿಯುವ ಬದಲು ಸಿಡಿಯುತ್ತದೆ. ಲೋಹದ ಡಬ್ಬಿ ಚೂರಾಗಿ, ಆ ಚೂರುಗಳು ಚೀಲವನ್ನು ಹರಿದುಕೊಂಡು ಚಾಲಕನ ಕುತ್ತಿಗೆಗೂ ಮುಖಕ್ಕೂ ನಾಟುತ್ತವೆ. ಸಣ್ಣ ಅಪಘಾತದಲ್ಲಿ ಎದ್ದು ನಡೆದುಹೋಗಬೇಕಾದವರು ಹೀಗೆ ಸತ್ತರು. ಅಮೆರಿಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ನಮ್ಮ ಕರಾವಳಿಯಂಥದೇ ಹವೆಯುಳ್ಳ ಮಲೇಷಿಯಾದಲ್ಲಿಯೂ ಸಾವುಗಳಾದವು. ಲೋಕದಾದ್ಯಂತ ಸುಮಾರು 10 ಕೋಟಿ ಡಬ್ಬಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ವಾಹನಗಳ ಇತಿಹಾಸದಲ್ಲಿ ಇಷ್ಟು ದೊಡ್ಡ ವಾಪಸಾತಿ ಇನ್ನೊಂದಿಲ್ಲ.

ಪರೀಕ್ಷೆಯ ಅಂಕಿಗಳನ್ನು ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟದ್ದನ್ನು ತಕಾತಾ 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ನೂರು ಕೋಟಿ ಡಾಲರಿನ ಹೊಣೆ ಬಿತ್ತು. ಅದರ ಪಾಲು ಹೇಗಾಯಿತೆಂದು ನೋಡಿರಿ. ಸರಕಾರಕ್ಕೆ ದಂಡ ಎರಡೂವರೆ ಕೋಟಿ, ಕಾರು ಕಂಪನಿಗಳ ನಷ್ಟಕ್ಕೆ 85 ಕೋಟಿ, ಗಾಯಗೊಂಡವರಿಗೂ ಸತ್ತವರ ಮನೆಯವರಿಗೂ ಸೇರಿ ಹನ್ನೆರಡೂವರೆ ಕೋಟಿ ಡಾಲರು. ಕತ್ತು ಕುಯ್ಯಿಸಿಕೊಂಡವರಿಗೆ ಎಂಟರಲ್ಲಿ ಒಂದು ಪಾಲು! ಅದೇ ವರ್ಷ ಜೂನಿನಲ್ಲಿ ಕಂಪನಿ ದಿವಾಳಿಯೆದ್ದಿತು. ದಿವಾಳಿಯೆದ್ದವನ ಬಾಗಿಲಲ್ಲಿ ಕಡೆಗೆ ಬಂದವನಿಗೆ ಏನು ಸಿಗುತ್ತದೆಂಬುದು, ಮುಚ್ಚಿದ ಮಿಲ್ಲುಗಳ ಮುಂದೆ ಬಾಕಿ ಪಗಾರಕ್ಕಾಗಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಆ ಚೀಲಗಳಿದ್ದವು. ಹೋಂಡಾ ಕಂಪನಿ 2017ರಲ್ಲಿಯೂ 2018ರಲ್ಲಿಯೂ ಸಿಟಿ, ಜಾಝ್, ಅಕಾರ್ಡ್ ಮೊದಲಾದ ತನ್ನ ಹಳೆಯ ಕಾರುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹಿಂದಕ್ಕೆ ಕರೆದು ಡಬ್ಬಿಗಳನ್ನು ಬದಲಿಸಿಕೊಟ್ಟಿತು. ಬೇರೆ ಕಂಪನಿಗಳೂ ಕರೆದವು. ಈ ಬದಲಾವಣೆಗೆ ಕಾಸು ಕೊಡಬೇಕಾಗಿಲ್ಲ. ಆದರೆ ಕರೆಯುವ ಕಾಗದ ಹೋಗುವುದು ಮೊದಲ ಒಡೆಯನಿಗೆ. ಮೂರನೆಯ ಕೈಯಿಂದ ನಾಲ್ಕನೆಯ ಕೈಗೆ ಬಂದ ಗಾಡಿಯನ್ನು ಕೊಳ್ಳುವವರು ನಾವು. ಆ ಕಾಗದ ನಮ್ಮ ಕೈಗೆ ಬರುವುದಿಲ್ಲ. ಮಂಗಳೂರು, ಉಡುಪಿ, ಕಾಸರಗೋಡಿನ ಕಡೆ ವರ್ಷಾನುಗಟ್ಟಲೆ ಸೆಕೆಯಲ್ಲಿಯೂ ಮಳೆಯಲ್ಲಿಯೂ ನಿಂತ ಹಳೆಯ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಇಲ್ಲಿಗೆ ತರುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ನೋಂದಣಿ ಪುಸ್ತಕದಲ್ಲಿ 17 ಅಕ್ಷರಗಳ ಚಾಸಿ ಸಂಖ್ಯೆಯಿರುತ್ತದೆ. ಅದನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕೊಟ್ಟು, ಈ ಗಾಡಿಗೆ ಬಾಕಿ ಉಳಿದ ವಾಪಸಾತಿ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿರಿ.

ನಾನು ಕಂಪನಿಗಳ ಪರವಾಗಿ ಮಾತಾಡುವವನಲ್ಲ, ಆದರೂ ಹೇಳಬೇಕಾದದ್ದನ್ನು ಹೇಳಬೇಕು. ಬಿಚ್ಚದ ಚೀಲವೆಲ್ಲ ದೋಷದ ಚೀಲವಲ್ಲ. ಹಿಂದಿನಿಂದ ಏಟು ಬಿದ್ದಾಗ, ನಿಧಾನವಾಗಿ ತಾಗಿದಾಗ ಮುಂದಿನ ಚೀಲ ಬಿಚ್ಚುವುದಿಲ್ಲ, ಬಿಚ್ಚಬಾರದು. ಬೆಲ್ಟು ಕಟ್ಟದವನಿಗೆ ಚೀಲವೇ ಗುದ್ದು. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ಅಭ್ಯಾಸವಂತೂ ಇಂದೇ ನಿಲ್ಲಬೇಕು. 2024ರ ಡಿಸೆಂಬರಿನಲ್ಲಿ ನವಿ ಮುಂಬಯಿಯ ವಾಶಿಯಲ್ಲಿ ಮುಂದೆ ಕೂತಿದ್ದ ಎಳೆಯ ಮಗುವೊಂದು ಬಿಚ್ಚಿದ ಚೀಲದ ಏಟಿನಿಂದಲೇ ತೀರಿಹೋಯಿತು. ಮೂತಿಗೆ ಕಬ್ಬಿಣದ ಗಾರ್ಡು ಹಾಕಿಸುವ ಶೋಕಿಯೂ ಬೇಡ. ಅದು ಏಟಿನ ಅಳತೆಯನ್ನು ತಪ್ಪಿಸುತ್ತದೆ. 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸರಕಾರ ಅದನ್ನು ತಡೆಯಲು ರಾಜ್ಯಗಳಿಗೆ ಬರೆದಿದೆ. ಗಾರ್ಡು ಇದ್ದ ಗಾಡಿಯ ಫೋಟೋ ಕಂಡರೆ ಕಂಪನಿಯ ವಕೀಲರಿಗೆ ಹಬ್ಬ. ಕೀಲಿ ತಿರುಗಿಸಿದಾಗ ಚೀಲದ ಗುರುತಿನ ದೀಪ ಹತ್ತಿ ಕೆಲವು ಕ್ಷಣದಲ್ಲಿ ಆರಬೇಕು. ಆರದಿದ್ದರೆ ಒಳಗೆ ಏನೋ ಕೆಟ್ಟಿದೆ. ಆ ದಿನವೇ ಸರ್ವಿಸ್ ಕೇಂದ್ರಕ್ಕೆ ಹೋಗಿ ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿಯನ್ನು ಜೋಪಾನ ಮಾಡಿರಿ. ಬಾಯಿಮಾತಿನಲ್ಲಿ "ಏನೂ ಆಗುವುದಿಲ್ಲ, ಓಡಿಸಿ" ಎಂದವನು ನಾಳೆ ಆಯೋಗದ ಮುಂದೆ ನಿಮ್ಮ ಗುರುತನ್ನೇ ಹಿಡಿಯಲಾರ.

ಈಗ ನನ್ನ ಗೆಳೆಯನ ಗಾಡಿ ಗುಜರಿಗೆ ಹೋದ ಸಂಗತಿಗೆ ಬರುತ್ತೇನೆ, ಏಕೆಂದರೆ ಇಂಥ ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಮೊದಲ ಹತ್ತು ದಿನಗಳಲ್ಲಿ. ಗಾಯಗೊಂಡವನು ಆಸ್ಪತ್ರೆಯಲ್ಲಿರುತ್ತಾನೆ, ಆದ್ದರಿಂದ ಇದು ಅವನ ಕೆಲಸವಲ್ಲ, ನಮ್ಮ ಕೆಲಸ. ಸುದ್ದಿ ಬಂದ ಕೂಡಲೆ ಸಂಘದಿಂದ ಇಬ್ಬರು ಹೋಗಬೇಕು. ಒಬ್ಬ ಆಸ್ಪತ್ರೆಗೆ, ಇನ್ನೊಬ್ಬ ಗಾಡಿಯ ಬಳಿಗೆ. ಗಾಡಿಯ ಬಳಿಗೆ ಹೋದವನು ಫೋಟೋ ತೆಗೆಯಬೇಕು. ಮೂತಿ ಎಷ್ಟು ನುಗ್ಗಿದೆ, ಸ್ಟೀರಿಂಗು ಹೇಗಿದೆ, ಚೀಲ ಒಳಗಿದೆಯೋ ಹೊರಗಿದೆಯೋ, ಬೆಲ್ಟು ಎಳೆದ ಸ್ಥಿತಿಯಲ್ಲಿದೆಯೋ, ಮೈಲು ಲೆಕ್ಕದ ಅಂಕಿ ಎಷ್ಟು, ನಂಬರ್ ಪ್ಲೇಟು, ಎದುರು ಗಾಡಿ, ರಸ್ತೆ. ಡಬ್ಬಿ ಸಿಡಿದಿದ್ದರೆ ಚೂರನ್ನು ಮುಟ್ಟಬಾರದು. ವೈದ್ಯರು ದೇಹದಿಂದ ತೆಗೆದ ಚೂರನ್ನು ಎಸೆಯದಂತೆ ಹೇಳಿ ಕಾಗದದಲ್ಲಿ ನಮೂದು ಮಾಡಿಸಬೇಕು. ಪೊಲೀಸರ ಪಂಚನಾಮೆ ಮರಾಠಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಂಡು, "ಚೀಲ ಬಿಚ್ಚಿಲ್ಲ", "ಚಾಲಕ ಬೆಲ್ಟು ಕಟ್ಟಿದ್ದ" ಎಂಬ ಮಾತುಗಳು ಸೇರಿವೆಯೇ ಎಂದು ನೋಡಿ, ಆಮೇಲೆ ರುಜು. ಹೆಬ್ಬೆಟ್ಟಾದರೂ ಅಷ್ಟೇ.

ಆಮೇಲೆ ವಿಮೆಯವನಿಗೂ ಕಾರು ಕಂಪನಿಗೂ ಒಂದೊಂದು ಕಾಗದ. ಚೀಲದ ದೋಷದ ವಿಚಾರವಾಗಿ ದೂರು ಕೊಡಲಿದ್ದೇವೆ, ತಪಾಸಣೆ ಆಗುವವರೆಗೆ ಗಾಡಿಯನ್ನು ಮಾರಬಾರದು, ಬಿಚ್ಚಬಾರದು ಎಂದು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಹೊಸ ಗಾಡಿಗಳಲ್ಲಿ ಏಟಿನ ವಿವರ ಚೀಲವನ್ನು ನಡೆಸುವ ಯಂತ್ರದೊಳಗೇ ಉಳಿದಿರಬಹುದು. ಅದನ್ನು ಕಂಪನಿಯವನು ಒಬ್ಬನೇ ಕೂತು ಓದಬಾರದು, ನಮ್ಮವರ ಎದುರಿಗೆ ಓದಿ ಪ್ರತಿ ಕೊಡಬೇಕು ಎಂದೂ ಬರೆಯಿರಿ. ವಸ್ತುವನ್ನು ಪ್ರಯೋಗಶಾಲೆಗೆ ಕಳಿಸಿ ವರದಿ ತರಿಸುವ ಅಧಿಕಾರ ಆಯೋಗಕ್ಕಿದೆ, ಅದನ್ನು ದೂರಿನಲ್ಲಿಯೇ ಕೇಳಬಹುದು. ಗಾಡಿಗಳನ್ನು ಪರೀಕ್ಷಿಸುವ ದೇಶದ ಹಿರಿಯ ಸಂಸ್ಥೆ, 1966ರಲ್ಲಿ ಹುಟ್ಟಿದ ಎ.ಆರ್.ಎ.ಐ., ಇದೇ ಪುಣೆಯ ವೇತಾಳ ಗುಡ್ಡದ ಮೇಲಿದೆ. ಯಾವ ಪ್ರಯೋಗಶಾಲೆ ಎಂಬುದನ್ನು ಆಯೋಗವೇ ಗೊತ್ತುಮಾಡುತ್ತದೆ. ಆದರೆ ಗಾಡಿಯೇ ಇಲ್ಲದಿದ್ದರೆ ಯಾವ ಪ್ರಯೋಗಶಾಲೆಯಿದ್ದೂ ಏನು?

ಆಸ್ಪತ್ರೆಗೆ ಹೋದವನು ಬಿಲ್ಲು, ಔಷಧಿ ಚೀಟಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಬೇಕು. ಹೋದ ದುಡಿಮೆಗೆ ಪುರಾವೆ ಬೇಕು. ಹೋಟೆಲಿನಲ್ಲಿ ಪಗಾರದ ಚೀಟಿ ಕೊಡುವ ಪದ್ಧತಿ ಎಷ್ಟು ಮಂದಿಗಿದೆ? ಕೈ ಎತ್ತಿರಿ ಎಂದರೆ ನಾಲ್ಕು ಕೈ ಏಳಲಾರವು. ಆದ್ದರಿಂದ ಬ್ಯಾಂಕಿಗೆ ಬಂದ ಜಮೆ, ಊರಿಗೆ ಕಳಿಸಿದ ಹಣದ ದಾಖಲೆ, ಹಾಜರಿ ಪುಸ್ತಕದ ಫೋಟೋ, ಟ್ಯಾಕ್ಸಿಯಾದರೆ ಬಾಡಿಗೆಯ ಲೆಕ್ಕ, ಇವು ಉಪಯೋಗಕ್ಕೆ ಬರುತ್ತವೆ. ಯಾರಾದರೂ ಹಾಸಿಗೆಯ ಬಳಿಗೆ ಬಂದು, "ಪೂರ್ತಿ ಸಂದಾಯವಾಯಿತು, ಇನ್ನು ಯಾವ ತಕರಾರೂ ಇಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದ ಕಾಗದಕ್ಕೆ ರುಜು ಕೇಳಿದರೆ ಕೊಡಬೇಡಿರಿ. ಐದು ಸಾವಿರ ಕೈಯಲ್ಲಿಟ್ಟು ಐದು ಲಕ್ಷದ ಹಕ್ಕನ್ನು ಬರೆಸಿಕೊಂಡು ಹೋಗುವವರು ನಗುನಗುತ್ತಲೇ ಮಾತಾಡುತ್ತಾರೆ, ಹಣ್ಣಿನ ಬುಟ್ಟಿಯನ್ನೂ ತಂದಿರುತ್ತಾರೆ.

ಎಷ್ಟು ಕಾಲ ಬೇಕು ಎಂದು ಕೇಳುವಿರಿ. ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ತೀರಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ದಿಲ್ಲಿಯ ಆ ಗೃಹಸ್ಥರಿಗೆ ಅಪಘಾತದಿಂದ ಕೊನೆಯ ತೀರ್ಪಿಗೆ ನಾಲ್ಕೂವರೆ ವರ್ಷ ಹಿಡಿಯಿತು. ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ದಿನಗೂಲಿಯವನು ನಾಲ್ಕೂವರೆ ವರ್ಷ ತಾರೀಖಿಗೆ ಅಲೆಯುವುದು ಸುಲಭವಲ್ಲ, ಒಂದೊಂದು ತಾರೀಖಿಗೆ ಒಂದೊಂದು ದಿನದ ಪಗಾರ ಹೋಗುತ್ತದೆ. ಒಂಟಿಯಾಗಿ ಅವನು ಎರಡನೆಯ ವರ್ಷಕ್ಕೇ ಕೈಬಿಡುತ್ತಾನೆ, ಕಂಪನಿಗೆ ಬೇಕಾದದ್ದೂ ಅದೇ. ಇದೇ ಪುಣೆಯಲ್ಲಿ ಬಾಬಾ ಆಢಾವ್ ಅವರು ಹಮಾಲ ಪಂಚಾಯತಿಯನ್ನು ಕಟ್ಟಿದರು. ಒಬ್ಬೊಬ್ಬನೇ ಹೋದಾಗ ಬೈಸಿಕೊಂಡು ಬರುತ್ತಿದ್ದ ಹಮಾಲ, ಪಂಚಾಯತಿಯ ಕಾಗದ ಹಿಡಿದು ಹೋದಾಗ ಅಡತಿಯವನು ಕುರ್ಚಿ ಕೊಟ್ಟ. ಅದನ್ನು ಕಂಡ ಹಿರಿಯರು ಇಲ್ಲಿಯೇ ಕೂತಿದ್ದಾರೆ.

ಆದ್ದರಿಂದ ಸಂಘದ ಮುಂದೆ ಎರಡು ಸೂಚನೆ ಇಡುತ್ತೇನೆ. ತಾರೀಖಿಗೆ ಹೋಗುವ ಸದಸ್ಯನ ಆ ದಿನದ ಪಗಾರವನ್ನು ಸಂಘದ ನಿಧಿಯಿಂದ ತುಂಬಿಕೊಡಬೇಕು. ಮರಾಠಿ ಓದಿ ಬರೆಯಬಲ್ಲ ನಾಲ್ವರನ್ನು ಆರಿಸಿ, ರಾತ್ರಿಯಾದರೂ ಸರಿ, ಅಪಘಾತದ ಜಾಗಕ್ಕೆ ಹೋಗುವ ಹೊಣೆಯನ್ನು ಅವರಿಗೆ ಒಪ್ಪಿಸಬೇಕು. ಇವುಗಳ ಮೇಲೆ ಅಧ್ಯಕ್ಷರು ಈಗಲೇ ಅಭಿಪ್ರಾಯ ಕೇಳಲಿ. ಗಾಡಿಯ ನೋಂದಣಿ ಪುಸ್ತಕ ತಂದಿರುವವರು ಹೋಗುವ ಮುಂಚೆ ಬಾಗಿಲ ಬಳಿಯ ಮೇಜಿನಲ್ಲಿ ಚಾಸಿ ಸಂಖ್ಯೆಯನ್ನು ಬರೆಸಿ ಹೋಗಿರಿ. ತರದವರು ಮುಂದಿನ ವಾರ ತನ್ನಿರಿ. ವಿಶೇಷವಾಗಿ 2013ಕ್ಕಿಂತ ಹಳೆಯ ಗಾಡಿಯುಳ್ಳವರು ಮೊದಲು ಬರೆಸಿರಿ.